ಕೂಸನ್ನು ಒಪ್ಪಿಸುವ ಮುನ್ನ ನಾಲ್ಕು ಮಾತು ಕೇಳಿ

ಹೋದ ಸಲ ನೀವು ಮಿಕ್ಸಿ ಕೊಳ್ಳಲು ಅಂಗಡಿಗೆ ಹೋದದ್ದು ನೆನಪಿದೆಯೇ? ಎಷ್ಟು ಜಾರ್ ಕೊಡುತ್ತೀರಿ, ಗ್ಯಾರಂಟಿ ಎಷ್ಟು ವರ್ಷ, ಕೆಟ್ಟರೆ ರಿಪೇರಿ ಎಲ್ಲಿ, ಬ್ಲೇಡ್ ಬೇರೆ ಸಿಗುತ್ತದೆಯೇ... ಅಂಗಡಿಯವನು ಸುಸ್ತಾಗುವವರೆಗೆ ಕೇಳಿದಿರಿ. ಕೇಳಿದ್ದು ಸರಿಯೇ. ದುಡ್ಡು ಕೊಡುವವರು ನೀವು. ಈಗ ಇನ್ನೊಂದು ದಿನವನ್ನು ನೆನಪಿಸಿಕೊಳ್ಳಿ. ನಿಮ್ಮ ಹತ್ತು ತಿಂಗಳ ಮಗುವನ್ನು ಮೊದಲ ಸಲ ಪಕ್ಕದ ಮನೆಯವರ ಕೈಗೆ ಕೊಟ್ಟು ಕೆಲಸಕ್ಕೆ ಹೊರಟ ದಿನ. ಅಂದು ಎಷ್ಟು ಪ್ರಶ್ನೆ ಕೇಳಿದಿರಿ?

"ಖಾಲಾ, ಸಂಜೆವರೆಗೆ ಸ್ವಲ್ಪ ನೋಡ್ಕೊಳ್ತೀರಾ?"

"ಅದಕ್ಕೇನು ಬೇಟಿ, ಬಿಟ್ಟು ಹೋಗು."

ಇಷ್ಟೇ ಅಲ್ಲವೇ? ನಾನೂ ಇಷ್ಟೇ ಕೇಳಿದ್ದೆ. ಅದಕ್ಕೇ ಈ ಲೇಖನ ಬರೆಯಲು ಕುಳಿತಿದ್ದೇನೆ.

ನಾನಿರುವುದು ಬಸ್ತಿಹಳ್ಳಿಯಲ್ಲಿ. ಹಳೇಬೀಡಿಗೆ ಅಂಟಿಕೊಂಡಿರುವ ಊರು. ಹೊಯ್ಸಳೇಶ್ವರ ದೇವಾಲಯ ನೋಡಲು ಬಂದವರಲ್ಲಿ ಕೆಲವರು ಸ್ವಲ್ಪ ಮುಂದೆ ನಡೆದು ಇಲ್ಲಿನ ಮೂರು ಜೈನ ಬಸದಿಗಳನ್ನೂ ನೋಡುತ್ತಾರೆ. ಪಾರ್ಶ್ವನಾಥ ಬಸದಿಯ ಕನ್ನಡಿಯಂಥ ಕಂಬಗಳಲ್ಲಿ ಮುಖ ನೋಡಿಕೊಂಡು ನಗುತ್ತಾ ಹಿಂದಿರುಗುತ್ತಾರೆ. ಊರಿಗೆ ಹೆಸರು ಬಂದದ್ದೇ ಆ ಬಸದಿಗಳಿಂದ. ಆದರೆ ಬೆಳಿಗ್ಗೆ ಏಳೂವರೆಯ ಹೊತ್ತಿನ ದೃಶ್ಯವನ್ನು ಪ್ರವಾಸಿಗರು ನೋಡಿರುವುದಿಲ್ಲ. ಒಂದು ಕೈಯಲ್ಲಿ ಕೂಸು, ಇನ್ನೊಂದು ಕೈಯಲ್ಲಿ ಬಟ್ಟೆಯ ಚೀಲ. ಬುರ್ಖಾದ ಒಬ್ಬಳು, ಸೀರೆಯ ಒಬ್ಬಳು ಓಡುನಡಿಗೆಯಲ್ಲಿ ಒಂದೊಂದು ಮನೆಯ ಬಾಗಿಲು ತಟ್ಟುತ್ತಾರೆ. ಕೂಸನ್ನು ಕೊಟ್ಟು ಬಸ್ಸಿಗೆ ಓಡುತ್ತಾರೆ. ಒಬ್ಬಳು ಖಾಸಗಿ ಶಾಲೆಯ ಟೀಚರ್. ಒಬ್ಬಳು ಹಾಸನದ ಕಡೆ ಗಾರ್ಮೆಂಟ್ಸ್‌ಗೆ. ಇನ್ನೊಬ್ಬಳು ಬೇಲೂರಿನಾಚೆಯ ಕಾಫಿ ತೋಟಕ್ಕೆ.

ನಮ್ಮೂರಲ್ಲಿ 'ಡೇಕೇರ್' ಎಂಬ ಬೋರ್ಡು ಇಲ್ಲ. ಅದು ಹಾಸನ, ಬೆಂಗಳೂರಿನ ಮಾತು. ಆದರೆ ಮೂರು ನಾಲ್ಕು ಪರರ ಮಕ್ಕಳನ್ನು ಹಗಲೆಲ್ಲ ನೋಡಿಕೊಳ್ಳುವ ಮನೆಗಳು ನಮ್ಮಲ್ಲೂ ಇವೆ, ನಿಮ್ಮ ಬೀದಿಯಲ್ಲೂ ಇರಬಹುದು. ಬೋರ್ಡು ಇಲ್ಲದ ಕಾರಣ ಅದನ್ನು ಯಾರೂ ಡೇಕೇರ್ ಎನ್ನುವುದಿಲ್ಲ. ಹಾಗೆ ಕರೆಯದಿರುವುದರಿಂದ ಕೇಳಬೇಕಾದ್ದನ್ನು ಕೇಳುವುದೂ ಇಲ್ಲ.

"ಅಂಗನವಾಡಿ ಇದೆಯಲ್ಲ?" ಎಂದು ಕೆಲವರು ಕೇಳುತ್ತಾರೆ. ಇದೆ. 1975ರಲ್ಲಿ ದೇಶದಲ್ಲಿ ಈ ಯೋಜನೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಇಂದು ಅಂಗನವಾಡಿಯಿಲ್ಲದ ಊರು ಹುಡುಕುವುದು ಕಷ್ಟ. ಆದರೆ ಅಲ್ಲಿ ಕುಳಿತು ಆಡಿ ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳು. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಆಹಾರದ ಪೊಟ್ಟಣ ಬರುತ್ತದೆ, ಅಷ್ಟೇ. ಆರು ತಿಂಗಳಿಂದ ಮೂರು ವರ್ಷದವರೆಗೆ ಮಗು ಎಲ್ಲಿರಬೇಕು? ಇದೇ ದೊಡ್ಡ ಕಂದಕ. 2023-24ರ ಬಜೆಟ್‌ನಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯತ್‌ಗಳಲ್ಲಿ ಕೂಲಿ ತಾಯಂದಿರ ಮಕ್ಕಳಿಗಾಗಿ 'ಕೂಸಿನ ಮನೆ' ತೆರೆಯುವುದಾಗಿ ಘೋಷಿಸಿತ್ತು. ನಿಮ್ಮ ಪಂಚಾಯತ್‌ನಲ್ಲಿ ಅದು ತೆರೆದಿದೆಯೇ, ನಡೆಯುತ್ತಿದೆಯೇ ಎಂದು ಒಮ್ಮೆ ಹೋಗಿ ಕೇಳಿ.

ಗಾರ್ಮೆಂಟ್ಸ್‌ಗೆ, ತೋಟಕ್ಕೆ ಹೋಗುವ ಸಹೋದರಿಯರಿಗೆ ಇನ್ನೊಂದು ಮಾತು. 1948ರ ಕಾರ್ಖಾನೆ ಕಾಯಿದೆ, 1951ರ ತೋಟ ಕಾರ್ಮಿಕರ ಕಾಯಿದೆಗಳ ಕಾಲದಿಂದಲೂ ಶಿಶುಪಾಲನಾ ಕೇಂದ್ರ ಮಾಲಿಕರ ಹೊಣೆ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯ ಪ್ರಕಾರ 50 ನೌಕರರಿರುವ ಕಡೆ ಅದು ಇರಲೇಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಈ ಹಕ್ಕು ಉಳಿದಿದೆ. ಒಬ್ಬಳೇ ಕೇಳಲು ಹೆದರಿಕೆಯಾದರೆ ಹತ್ತು ಮಂದಿ ಸೇರಿ ಕೇಳಿ.

ಅದೂ ಇಲ್ಲ, ಇದೂ ಇಲ್ಲ ಎಂದಾದಾಗ ಉಳಿಯುವುದು ಪಕ್ಕದ ಮನೆಯ ಖಾಲಾ. ಆಗ ಏನು ಮಾಡಬೇಕು?

ನನ್ನ ಮಗಳು 'ಶಾಂತ'ವಾಗಿದ್ದಳು

ನನ್ನ ಮಗಳಿಗೆ ಆಗ ಒಂದೂವರೆ ವರ್ಷ. ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿ ಕೆಲವೇ ತಿಂಗಳಾಗಿತ್ತು. ಆಗ ನಾವು ಬೇರೆ ಊರಿನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆಗೆ ಕಾಲುನೋವು, ಅಮ್ಮಿ ಇದ್ದದ್ದು ದೂರದಲ್ಲಿ. ನಮ್ಮ ಬೀದಿಯ ಹಿರಿಯ ಹೆಂಗಸೊಬ್ಬರು, ಐದು ಹೊತ್ತು ನಮಾಝ್ ತಪ್ಪಿಸದವರು, "ನಾನಿದ್ದೀನಲ್ಲ" ಎಂದರು. ನನಗೆ ಸ್ವರ್ಗವೇ ಸಿಕ್ಕಂತಾಯಿತು. ಸಂಜೆ ನಾಲ್ಕೂವರೆಗೆ ಹೋದರೆ ಮಗು ಮಲಗಿರುತ್ತಿತ್ತು. ಮನೆಗೆ ಬಂದ ಮೇಲೂ ತೂಕಡಿಕೆ. ಊಟ ಬೇಡ. ರಾತ್ರಿ ಮಾತ್ರ ಎರಡು ಗಂಟೆಗೆ ಎದ್ದು ಅಳು. "ನಿನ್ನ ಮಗಳು ಬಹಳ ಶಾಂತ, ಒಂದು ದಿನವೂ ಗೋಳು ಹೊಯ್ದುಕೊಂಡಿಲ್ಲ" ಎಂದು ಅವರು ಹೇಳಿದಾಗ ನಾನು ಹೆಮ್ಮೆಯಿಂದ ಬೀಗಿದೆ! ಸ್ಟಾಫ್ ರೂಮಿನಲ್ಲೂ ಹೇಳಿಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ದಿನ ಶಾಲೆಗೆ ಮಧ್ಯಾಹ್ನವೇ ರಜೆ ಸಿಕ್ಕಿತು. ಹೇಳದೆ ಹೋದೆ. ಊಟವಾಗಿತ್ತು. ಅವರು ಮಗುವಿನ ಬಾಯಿಗೆ ಚಮಚದಲ್ಲಿ ಕೆಂಪು ಸಿರಪ್ ಹಾಕುತ್ತಿದ್ದರು.

"ಜ್ವರವಾ ಖಾಲಾ?"

"ಇಲ್ಲಮ್ಮಾ, ನೆಗಡಿದು. ದಿನಾ ಅರ್ಧ ಚಮಚ ಹಾಕ್ತೀನಿ. ಚೆನ್ನಾಗಿ ಮಲಗುತ್ತೆ ಪಾಪ."

ಅವರು ಮುಚ್ಚುಮರೆ ಮಾಡಲಿಲ್ಲ. ಅವರ ದೃಷ್ಟಿಯಲ್ಲಿ ಅದು ತಪ್ಪೇ ಆಗಿರಲಿಲ್ಲ. ತಮ್ಮ ಮೊಮ್ಮಕ್ಕಳಿಗೂ ಹಾಕಿದ್ದರು. ನಾನು ಕೇಳಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದರು. ಕೇಳಲಿಲ್ಲ. ಅವರ ನಮಾಝ್ ನೋಡಿದೆ, ಮುಸಲ್ಲಾದ ಪಕ್ಕದಲ್ಲಿದ್ದ ಬಾಟಲಿ ನೋಡಲಿಲ್ಲ. ಒಳ್ಳೆಯವರಾಗಿರುವುದು ಬೇರೆ, ಮಗು ನೋಡಿಕೊಳ್ಳುವ ತಿಳಿವಳಿಕೆ ಇರುವುದು ಬೇರೆ ಎಂದು ನನಗೆ ಗೊತ್ತಾದದ್ದು ಅಂದು.

ನೆಗಡಿಯ ಅನೇಕ ಸಿರಪ್‌ಗಳಲ್ಲಿ ನಿದ್ದೆ ಬರಿಸುವ ಅಂಶ ಇರುತ್ತದೆ. ಸಣ್ಣ ಮಕ್ಕಳಲ್ಲಿ ಅದು ಉಸಿರಾಟಕ್ಕೂ ತೊಂದರೆ ಕೊಡಬಹುದು. 2025ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಬೇರೆ ಬಗೆಯ ದುರಂತ, ಔಷಧದ ಕಲಬೆರಕೆಯದ್ದು. ಆದರೆ ಆ ಸಮಯದಲ್ಲಿ ಕೇಂದ್ರ ಆರೋಗ್ಯ ಇಲಾಖೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಬೇಡವೇ ಬೇಡ, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ಇದೇ ಇರಲಿ: "ಮಗು ಅತ್ತರೆ, ಮಲಗದಿದ್ದರೆ ನೀವೇನು ಮಾಡುತ್ತೀರಿ?" ಸಿರಪ್ಪೋ, ಮೊಬೈಲೋ, ಪೆಟ್ಟೋ, ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಡೆದಾಡುವುದೋ? ಈ ಒಂದು ಉತ್ತರದಲ್ಲಿ ಅರ್ಧ ವಿಷಯ ತಿಳಿಯುತ್ತದೆ.

ಆ ಮನೆಯಲ್ಲಿ ಯಾರ್ಯಾರಿದ್ದಾರೆ?

ನಾವು ನೋಡುವುದು ಖಾಲಾಳ ಮುಖವನ್ನು. ಮಗು ಇರುವುದು ಇಡೀ ಮನೆಯಲ್ಲಿ. ಆ ಮನೆಯಲ್ಲಿ ಹಗಲು ಇನ್ನು ಯಾರಿರುತ್ತಾರೆ? ಕೆಲಸವಿಲ್ಲದ ತಮ್ಮ, ಕಾಲೇಜಿನ ಹುಡುಗ, ಮಹಡಿಯ ಬಾಡಿಗೆದಾರ, ವಾರಕ್ಕೊಮ್ಮೆ ಬರುವ ನೆಂಟರು? ಖಾಲಾ ರೇಷನ್ ಅಂಗಡಿಗೋ ಮಯ್ಯತ್ ಮನೆಗೋ ಹೋದಾಗ ಮಗುವನ್ನು ಯಾರ ಕೈಗೆ ಕೊಡುತ್ತಾರೆ? ಈ ಪ್ರಶ್ನೆ ಕೇಳಲು ನಾಲಗೆ ಏಳುವುದಿಲ್ಲ, ನನಗೆ ಗೊತ್ತು. "ನಮ್ಮ ಮನೆಯವರ ಮೇಲೆ ಅನುಮಾನವಾ?" ಎಂದಾರು ಎಂಬ ಅಳುಕು. ಆದರೆ ಮಕ್ಕಳ ಮೇಲೆ ಕೈಮಾಡುವವರು ಹೆಚ್ಚಾಗಿ ಅಪರಿಚಿತರಲ್ಲ, ಪರಿಚಿತರೇ. 2012ರಲ್ಲಿ ಬಂದ ಪೋಕ್ಸೊ ಕಾಯಿದೆ ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ, ಗಂಡುಮಕ್ಕಳಿಗೂ ಅನ್ವಯಿಸುತ್ತದೆ. 'ನಮ್ಮದು ಗಂಡುಮಗು, ಭಯವಿಲ್ಲ' ಎಂಬ ಮಾತನ್ನು ಬಿಟ್ಟುಬಿಡಿ.

ಮಹ್ರಮ್-ಗೈರ್ ಮಹ್ರಮ್ ವಿಷಯದಲ್ಲಿ ದೊಡ್ಡವರಿಗೆ ಇಷ್ಟೊಂದು ಎಚ್ಚರ ವಹಿಸುವ ನಾವು, ಮಾತು ಬಾರದ ಕೂಸಿನ ವಿಷಯದಲ್ಲಿ ಮಾತ್ರ ಯಾಕೆ ಬಾಗಿಲು ತೆರೆದಿಡುತ್ತೇವೋ ತಿಳಿಯದು. "ಖಾಲಾ, ನೀವಿಲ್ಲದಾಗ ಮಗುವನ್ನು ಯಾರ ಹತ್ತಿರವೂ ಬಿಡಬೇಡಿ, ನನಗೆ ಫೋನ್ ಮಾಡಿ, ನಾನೋ ಅವರ ಅಬ್ಬಾನೋ ಬರ್ತೀವಿ" ಎಂದು ಮೊದಲೇ ಹೇಳಿದರೆ ಅದು ಯಾರ ಮೇಲಿನ ದೂರೂ ಆಗುವುದಿಲ್ಲ. ಅದೊಂದು ಕ್ರಮ, ಅಷ್ಟೇ. ಸಂಜೆ ಮಗುವನ್ನು ಕರೆದೊಯ್ಯಲು ಯಾರು ಬರಬಹುದು ಎಂಬುದನ್ನೂ ಹೆಸರು ಹೇಳಿ ತಿಳಿಸಿ. ಏನಾದರೂ ಅನುಮಾನ ಬಂದರೆ 1098ಕ್ಕೆ ಕರೆ ಮಾಡಬಹುದು. ಮಕ್ಕಳಿಗಾಗಿಯೇ ಇರುವ ಉಚಿತ ಸಹಾಯವಾಣಿ ಅದು.

ಇದರೊಂದಿಗೆ ಇನ್ನೊಂದು ವಿಷಯ. ಶಿಕ್ಷಕಿಯಾಗಿ ಇದನ್ನು ಹೇಳದಿದ್ದರೆ ನನಗೆ ಸಮಾಧಾನವಾಗದು. ಎಷ್ಟೋ ಮನೆಗಳಲ್ಲಿ ಮಗುವನ್ನು ಒಪ್ಪಿಕೊಳ್ಳುವವರು ಖಾಲಾ, ಆದರೆ ದಿನವಿಡೀ ಸೊಂಟದ ಮೇಲೆ ಹೊತ್ತು ತಿರುಗುವವಳು ಅವರ ಹನ್ನೊಂದು-ಹನ್ನೆರಡು ವರ್ಷದ ಮೊಮ್ಮಗಳು. ನನ್ನ ತರಗತಿಯಲ್ಲಿ ಅಂಥ ಒಬ್ಬಳಿದ್ದಳು. ಲೆಕ್ಕದಲ್ಲಿ ಚುರುಕು. ವಾರಕ್ಕೆ ಎರಡು ದಿನ, ನಂತರ ಮೂರು ದಿನ ಗೈರುಹಾಜರು. ಕೇಳಿದರೆ "ಮನೇಲಿ ಪಾಪು ಇದೆ ಮೇಡಂ". ಯಾರ ಪಾಪು? ಕೆಲಸಕ್ಕೆ ಹೋಗುವ ಇನ್ನೊಬ್ಬರದು! ನಮ್ಮ ಮಗು ನೋಡಿಕೊಳ್ಳಲು ಇನ್ನೊಬ್ಬರ ಮಗಳು ಶಾಲೆ ಬಿಡಬೇಕೇ? ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು ಎಂದು 2009ರ ಕಾಯಿದೆ ಹೇಳುತ್ತದೆ. ಕಾಯಿದೆ ಬದಿಗಿರಲಿ, ಹನ್ನೆರಡು ವರ್ಷದವಳಿಗೆ ಮಗುವಿನ ಗಂಟಲಲ್ಲಿ ಹುಣಸೆ ಬೀಜ ಸಿಕ್ಕಿದರೆ ಏನು ಮಾಡಬೇಕೆಂದು ಗೊತ್ತಿರುತ್ತದೆಯೇ? "ಹಗಲು ಮಗುವನ್ನು ಎತ್ತಿಕೊಳ್ಳುವವರು ನೀವೇನಾ?" ಎಂದು ನೇರವಾಗಿ ಕೇಳಿ. ಎಷ್ಟು ಮಕ್ಕಳನ್ನು ಒಪ್ಪಿಕೊಂಡಿದ್ದಾರೆ ಎಂದೂ ಕೇಳಿ. ಒಬ್ಬರೇ ಇದ್ದು ಎರಡು ಎಳೆಕೂಸು, ಮೂರು ಓಡಾಡುವ ಮಕ್ಕಳು ಎಂದರೆ ನೀವೇ ಲೆಕ್ಕ ಹಾಕಿ, ಬೆಂಕಿ ಬಿದ್ದರೆ ಎರಡು ಕೈಯಲ್ಲಿ ಎಷ್ಟು ಮಕ್ಕಳನ್ನು ಎತ್ತಿಕೊಂಡು ಓಡಲು ಸಾಧ್ಯ?

ನೆಲದ ಮೇಲೆ ಕುಳಿತು ನೋಡಿ

ಮನೆ ನೋಡಲು ಹೋದಾಗ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದು ಬರಬೇಡಿ. ಒಂದು ಗಳಿಗೆ ನೆಲದ ಮೇಲೆ ಕುಳಿತುಕೊಳ್ಳಿ. ಅಂಬೆಗಾಲಿಡುವ ಮಗುವಿಗೆ ಆ ಮನೆ ಹೇಗೆ ಕಾಣುತ್ತದೆಂದು ಆಗ ಗೊತ್ತಾಗುತ್ತದೆ.

ಎಲ್ಲಕ್ಕಿಂತ ಮೊದಲು ನೀರು. ಸಂಪಿಗೆ ಮುಚ್ಚಳವಿದೆಯೇ? ಮಗು ಹತ್ತಿ ನಿಂತರೆ ಜರುಗುವ ತಗಡೋ, ಭದ್ರವಾದ ಮುಚ್ಚಳವೋ? ಬಚ್ಚಲಿನಲ್ಲಿ ಬಕೆಟ್ ತುಂಬಿ ಇಟ್ಟಿರುತ್ತಾರೆಯೇ? ತಲೆ ಭಾರವಿರುವ ಎಳೆಮಗು ಅರ್ಧ ಬಕೆಟ್ ನೀರಿನಲ್ಲೂ ಮುಗುಚಿ ಬಿದ್ದರೆ ಏಳಲಾರದು, ಕೂಗಲೂ ಆರದು. ನಮ್ಮ ಹಳೇಬೀಡಿನ ಕಡೆಯವರಿಗೆ ದ್ವಾರಸಮುದ್ರ ಕೆರೆ ಇದೆ, ಹೊಲಗಳಲ್ಲಿ ಕೃಷಿ ಹೊಂಡಗಳಿವೆ. ಹೊಂಡದ ಪ್ಲಾಸ್ಟಿಕ್ ಹಾಳೆ ಜಾರುತ್ತದೆ. ದೊಡ್ಡವರಿಗೂ ಹತ್ತಿ ಬರಲಾಗುವುದಿಲ್ಲ. ಮನೆಯ ಹಿತ್ತಲಿನಿಂದ ಹೊಂಡಕ್ಕೆ ಬೇಲಿ ಇದೆಯೇ? ಮೂರು ವರ್ಷದ ಹುಡುಗ ದೊಡ್ಡ ಹುಡುಗರ ಹಿಂದೆ ಓಡಿ ಎಲ್ಲಿಯವರೆಗೆ ಹೋಗಬಹುದು?

ನಮ್ಮದು ಆಲೂಗಡ್ಡೆ, ಶುಂಠಿ, ಕಾಫಿಯ ಜಿಲ್ಲೆ. ಔಷಧಿ ಹೊಡೆದು ಉಳಿದದ್ದನ್ನು ತಂಪು ಪಾನೀಯದ ಬಾಟಲಿಗೆ ಸುರಿದು ಮಂಚದ ಕೆಳಗೆ ಇಡುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಮಗುವಿಗೆ ಅದು ಜ್ಯೂಸ್. ಕೇಳಿ, ನಾಚಿಕೆ ಬೇಡ. ಅಡಿಕೆ ಚೂರು, ಕಡಲೆಬೀಜ, ಹುಣಸೆ ಬೀಜ, ಪಿನ್ನು, ನಾಣ್ಯ ಇವನ್ನು ಎಲ್ಲರೂ ಬಲ್ಲರು. ಗೊತ್ತಿಲ್ಲದ ಒಂದು ಅಪಾಯವಿದೆ: ಆಟಿಕೆ, ರಿಮೋಟುಗಳಲ್ಲಿರುವ ಗುಂಡಿಯಂಥ ಸಣ್ಣ ಬ್ಯಾಟರಿ. ಮಗು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಲು ಶುರುವಾಗುತ್ತದೆ. ಬಾಳೆಹಣ್ಣು ತಿನ್ನಿಸಿ ನಾಳೆ ನೋಡೋಣ ಎನ್ನುವಂತಿಲ್ಲ, ಆ ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು.

ಮಲಗಿಸುವ ಜಾಗವನ್ನೂ ನೋಡಿ. ವರ್ಷದೊಳಗಿನ ಕೂಸನ್ನು ಬೆನ್ನ ಮೇಲೆಯೇ ಮಲಗಿಸಬೇಕು, ಮುಖದ ಹತ್ತಿರ ದಿಂಬು, ದಪ್ಪ ರಜಾಯಿ ಇರಬಾರದು. ತಲೆ ಗುಂಡಾಗಲೆಂದು ಇಡುವ ಸಾಸಿವೆ ದಿಂಬೂ ಬೇಡ. ಜೋಲಿ ಕಟ್ಟಿದ್ದರೆ ಕಟ್ಟಿದ ಹಗ್ಗ ಎಷ್ಟು ವರ್ಷದ್ದು ಎಂದು ಒಮ್ಮೆ ಎಳೆದು ನೋಡಿ.

ಟಿವಿ, ಮೊಬೈಲ್ ವಿಷಯ ಹೆಚ್ಚು ಹೇಳಬೇಕಿಲ್ಲ. ವರ್ಷದ ಮಗುವಿಗೂ ಪರದೆ ಬೇಡ, ಎರಡು ದಾಟಿದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಖಾಲಾಗೆ ಇದನ್ನು ಹೇಳುವ ಮೊದಲು ನಮ್ಮ ಮನೆಯಲ್ಲಿ ಊಟ ಮಾಡಿಸುವಾಗ ಏನು ನಡೆಯುತ್ತಿದೆ ಎಂದೂ ನೋಡಿಕೊಳ್ಳೋಣ!

ಹಾಲು, ಅನ್ನ ಮತ್ತು ಹಾಲಿನ ಸಂಬಂಧ

ಎಳೆಕೂಸಿನ ತಾಯಿ ಕೆಲಸಕ್ಕೆ ಹೊರಟರೆ ಎದೆಹಾಲು ಬಿಡಿಸಬೇಕಾಗಿಲ್ಲ. ಶುಭ್ರವಾದ ಮುಚ್ಚಳವಿರುವ ಸ್ಟೀಲ್ ಬಟ್ಟಲಿಗೆ ಹಿಂಡಿಟ್ಟು ಹೋಗಬಹುದು. ತಂಪಾದ ಕೋಣೆಯಲ್ಲಿ ಸುಮಾರು ನಾಲ್ಕು ಗಂಟೆ, ಫ್ರಿಜ್‌ನಲ್ಲಿಟ್ಟರೆ ನಾಲ್ಕು ದಿನದವರೆಗೆ ಕೆಡುವುದಿಲ್ಲ. ಒಲೆಯ ಮೇಲೆ ಕಾಯಿಸಬಾರದು, ಬಿಸಿನೀರಿನಲ್ಲಿ ಬಟ್ಟಲಿಟ್ಟು ಬೆಚ್ಚಗೆ ಮಾಡಿ ಚಮಚದಲ್ಲಿ ಕುಡಿಸಬೇಕು. ಮಗು ಕುಡಿದು ಉಳಿಸಿದ್ದನ್ನು ಮತ್ತೆ ಇಡಬಾರದು. ಇದನ್ನು ನೋಡಿಕೊಳ್ಳುವವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಒಂದು ದಿನ ಎದುರಿಗೇ ಮಾಡಿ ತೋರಿಸಿ. ಚಹಾದಲ್ಲಿ ಅದ್ದಿದ ಬಿಸ್ಕತ್ತೇ ಮಗುವಿನ ಊಟವಾಗಬಾರದು. ಜೇನಿನಲ್ಲಿ ಶಿಫಾ ಇದೆ, ನಿಜ. ಆದರೆ ಒಂದು ವರ್ಷ ತುಂಬುವವರೆಗೆ ಎಳೆಕರುಳು ಜೇನನ್ನು ತಡೆಯಲಾರದು ಎಂದು ವೈದ್ಯರು ಹೇಳುತ್ತಾರೆ.

ಈಗ, ಮದ್ರಸಾದಲ್ಲಿ ಓದಿದವಳಾಗಿ, ನಮ್ಮವರು ಮರೆತೇಬಿಟ್ಟಿರುವ ಒಂದು ಪ್ರಶ್ನೆ. ನೋಡಿಕೊಳ್ಳುವ ಹೆಂಗಸಿಗೂ ಎಳೆಮಗು ಇದೆಯೇ? ಇದ್ದರೆ, ನಿಮ್ಮ ಮಗು ಅತ್ತಾಗ ಆಕೆ ಎದೆಗೆ ಹಾಕಿಕೊಳ್ಳುತ್ತಾಳೆಯೇ? ಅದು ತಪ್ಪಲ್ಲ, ಎಷ್ಟೋ ಸಲ ದೊಡ್ಡ ಉಪಕಾರ. ಆದರೆ ಎರಡು ವರ್ಷದೊಳಗೆ ಹಾಲು ಕುಡಿದರೆ ಆಕೆ ನಿಮ್ಮ ಮಗುವಿಗೆ ಹಾಲಿನ ತಾಯಿಯಾಗುತ್ತಾಳೆ, ಆಕೆಯ ಮಕ್ಕಳು ಒಡಹುಟ್ಟಿದವರಂತಾಗುತ್ತಾರೆ. ಮುಂದೆ ಅವರೊಳಗೆ ನಿಕಾಹ್ ಆಗುವಂತಿಲ್ಲ. ಕುರ್‌ಆನ್‌ನ ಅನ್ನಿಸಾ ಅಧ್ಯಾಯದಲ್ಲಿ ಇದರ ಉಲ್ಲೇಖವಿದೆ. ನಮ್ಮ ಹಾಸನದ ಕಡೆ ಹೆಚ್ಚಿನವರು ಅನುಸರಿಸುವ ಹನಫಿ ಮದ್ಹಬ್ ಪ್ರಕಾರ ಒಂದೇ ಸಲ ಕುಡಿದರೂ ಸಂಬಂಧ ಏರ್ಪಡುತ್ತದೆ. ಕರಾವಳಿಯವರು ಹೆಚ್ಚಾಗಿ ಅನುಸರಿಸುವ ಶಾಫಿಈ ಮದ್ಹಬ್‌ನಲ್ಲಿ ಐದು ಸಲ. ಹಿಂಡಿಟ್ಟ ಹಾಲಿಗೂ ಇದೇ ನಿಯಮ. ಮೂರು ಮಕ್ಕಳ ಬಟ್ಟಲುಗಳು ಒಂದೇ ಫ್ರಿಜ್‌ನಲ್ಲಿದ್ದರೆ ಅದಲುಬದಲಾಗದಂತೆ ಹೆಸರು ಬರೆದಂಟಿಸಿ. ಪ್ರವಾದಿಯವರು(ಸ) ಮತ್ತು ಅವರ ಚಿಕ್ಕಪ್ಪ ಹಂಝಾ(ರ) ಇಬ್ಬರೂ ಸುವೈಬಾರ ಹಾಲು ಕುಡಿದವರು. ಅದೇ ಕಾರಣಕ್ಕೆ ಹಂಝಾರ ಮಗಳ ವಿವಾಹ ಪ್ರಸ್ತಾಪ ಬಂದಾಗ ಆಕೆ ನನ್ನ ಹಾಲಿನ ಸಹೋದರನ ಮಗಳೆಂದು ಪ್ರವಾದಿಯವರು(ಸ) ನಿರಾಕರಿಸಿದರು. ಒಂದೇ ಬೀದಿಯಲ್ಲಿ ಬೆಳೆದ ಮಕ್ಕಳಿಗೆ ಇಪ್ಪತ್ತು ವರ್ಷದ ನಂತರ ಸಂಬಂಧ ಮಾತಾಡುವುದು ನಮ್ಮಲ್ಲಿ ಸಾಮಾನ್ಯ. ಕುಡಿಸಿದ್ದರೆ ಹೇಳಲಿ, ಎರಡೂ ಮನೆಯವರು ಬರೆದಿಟ್ಟುಕೊಳ್ಳಲಿ.

ನೋಡಿಕೊಳ್ಳುವವರು ನಮ್ಮವರೇ ಆಗಿರಬೇಕೆಂದೇನಿಲ್ಲ. ನಮ್ಮೂರಲ್ಲಿ ಗೌಡರ ಮನೆಯ ಅಜ್ಜಿಯ ಮಡಿಲಲ್ಲಿ ಬೆಳೆದ ನಮ್ಮ ಮಕ್ಕಳಿದ್ದಾರೆ. ಆಗ ಎರಡೂ ಕಡೆಯವರು ಬಾಯಿಬಿಟ್ಟು ಮಾತಾಡಿಕೊಳ್ಳುವುದು ಒಳ್ಳೆಯದು. "ಅಜ್ಜಿ, ನಮ್ಮ ಮಗೂಗೆ ಇಂಥದ್ದು ಕೊಡಬೇಡಿ" ಎಂದು ನೀವು ಹೇಳಿ. "ನಮ್ಮನೇಲಿ ಡಬ್ಬಿಗೆ ಮಾಂಸ ಕಳಿಸ್ಬೇಡ ಕಣವ್ವ" ಎಂದು ಅವರೂ ಹೇಳಬಹುದು. ಹೇಳಿದರೆ ಮುಗಿಯಿತು. ಹೇಳದೆ ಮನಸ್ಸಿನಲ್ಲಿಟ್ಟುಕೊಂಡರೆ ಮಾತ್ರ ಮುನಿಸು.

ಕಾಯಿಲೆ ಬಿದ್ದರೆ

ಮಗು ಸುಟ್ಟುಕೊಂಡಿತು, ಬಿದ್ದಿತು, ಜ್ವರ ಏರಿತು ಎಂದಾದರೆ ಅವರು ಮೊದಲು ಏನು ಮಾಡುತ್ತಾರೆ? ಊದಿಸಿಕೊಂಡು ಬರಲು ಹೋಗುತ್ತಾರೋ, ಹಳೇಬೀಡಿನ ಆಸ್ಪತ್ರೆಗೋ? ದುಆ ಮಾಡಲಿ, ಆದರೆ ಆಟೋದಲ್ಲಿ ಕುಳಿತು ಮಾಡಲಿ. ನಿಮ್ಮ ನಂಬರ್, ಯಜಮಾನರ ನಂಬರ್, ಆಟೋದವರ ನಂಬರ್, 108 ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಅವರ ಗೋಡೆಗೆ ಅಂಟಿಸಿ. ಫೋನಿನಲ್ಲಿ ಸೇವ್ ಮಾಡಿದ್ದೇನೆಂದು ಸುಮ್ಮನಿರಬೇಡಿ, ಫೋನ್ ಮಗನ ಜೇಬಿನಲ್ಲಿರುತ್ತದೆ. ತಾಯಿ ಕಾರ್ಡಿನ ಝೆರಾಕ್ಸ್ ಒಂದು ಕೊಟ್ಟಿರಿ. ನಿಮ್ಮ ಮಗುವಿಗೆ ಜ್ವರ, ಭೇದಿ ಇರುವ ದಿನ ಕಳಿಸಬೇಡಿ. ಅಲ್ಲಿ ಇತರ ಮಕ್ಕಳಿದ್ದಾರೆ.

ದುಡ್ಡಿನ ಮಾತು

ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ, ಅಥವಾ ಎತ್ತುವುದೇ ಇಲ್ಲ. ನನ್ನ ಅನುಭವದಲ್ಲಿ ಇದೇ ಬೇರು. ನನ್ನ ಮಗಳನ್ನು ನೋಡಿಕೊಂಡ ಆ ಹಿರಿಯರಿಗೆ ನಾನು ಏನೂ ಕೊಡುತ್ತಿರಲಿಲ್ಲ. ಹಬ್ಬಕ್ಕೊಂದು ಸೀರೆ, ಆಗಾಗ ಹಣ್ಣು. "ನಮ್ಮವಳ ಹತ್ರ ದುಡ್ಡು ತಗೊಳ್ತೀನಾ?" ಎಂದಿದ್ದರು. ನನಗೂ ಉಳಿತಾಯವೇ ಆಯಿತೆನ್ನಿ! ಆದರೆ ಪುಕ್ಕಟೆ ಪಡೆದ ಉಪಕಾರ ನಾಲಗೆಯನ್ನು ಕಟ್ಟಿಹಾಕುತ್ತದೆ. ಧರ್ಮಕ್ಕೆ ನೋಡಿಕೊಳ್ಳುತ್ತಿರುವವರನ್ನು "ಏನು ಕುಡಿಸಿದಿರಿ, ಎಲ್ಲಿ ಮಲಗಿಸಿದಿರಿ" ಎಂದು ಕೇಳುವುದು ಹೇಗೆ? ಸಂಬಳ ಕೊಡುತ್ತಿದ್ದರೆ ಕೇಳುತ್ತಿದ್ದೆ.

ಮಗುವಿಗೆ ಬೇರೆಯವರಿಂದ ಹಾಲುಣಿಸಲು ಇಚ್ಛಿಸಿದರೆ ತಪ್ಪಿಲ್ಲ, ಆದರೆ ಕೊಡಬೇಕಾದ್ದನ್ನು ನ್ಯಾಯವಾಗಿ ಕೊಟ್ಟುಬಿಡಬೇಕು ಎಂಬ ಮಾತು ಕುರ್‌ಆನ್‌ನ ಅಲ್‌ಬಕರಾ ಅಧ್ಯಾಯದಲ್ಲೇ ಇದೆ. ತಂದೆ ತಾಯಿ ಪರಸ್ಪರ ಸಮಾಲೋಚಿಸಬೇಕು ಎಂಬುದೂ ಅದೇ ವಚನದಲ್ಲಿದೆ. ಅಂದರೆ ಈ ಪ್ರಶ್ನೆಗಳನ್ನೆಲ್ಲ ಕೇಳುವ ಹೊಣೆ ತಾಯಿಯ ತಲೆಯ ಮೇಲೆ ಮಾತ್ರ ಇಲ್ಲ. ಮಿಕ್ಸಿ ಕೊಳ್ಳಲು ಜೊತೆಗೆ ಬರುವ ಯಜಮಾನರು ಖಾಲಾಳ ಮನೆ ನೋಡಲೂ ಬರಲಿ. ತಿಂಗಳಿಗೆ ಎಷ್ಟು, ಯಾವ ತಾರೀಖಿಗೆ, ನೀವು ತಡವಾಗಿ ಬಂದರೆ ಹೇಗೆ, ಅವರಿಗೆ ಹುಷಾರಿಲ್ಲದ ದಿನ ಏನು, ರಮಝಾನಿನಲ್ಲಿ ಹೇಗೆ ಎಂದು ಮೊದಲೇ ಮಾತಾಗಲಿ. ಮಗು ಮನೆಯಲ್ಲುಳಿದ ದಿನದ ಸಂಬಳ ಕತ್ತರಿಸುವ ಸಣ್ಣತನ ಬೇಡ. ನಮಗೆ ಶಾಲೆಯವರು ಕತ್ತರಿಸಿದರೆ ಎಷ್ಟು ಉರಿಯುತ್ತದೆ?

ಕೇಳುವುದು ಹೇಗೆ?

ಪೊಲೀಸರ ಹಾಗೆ ಕೇಳಬೇಡಿ. ಮೊದಲು ನಿಮ್ಮ ಮಗುವಿನ ವಿಷಯ ಹೇಳಿ. "ಇವನಿಗೆ ಹೆದರಿಕೆಯಾದರೆ ಕಿವಿ ಎಳೆದುಕೊಳ್ತಾನೆ ಖಾಲಾ, ಮೊಟ್ಟೆ ತಿಂದರೆ ಮೈಮೇಲೆ ಗಂಧೆ ಏಳುತ್ತೆ" ಎಂದರೆ ಅವರೂ ತಮ್ಮ ಕ್ರಮ ಹೇಳತೊಡಗುತ್ತಾರೆ. ಕೆಲಸಕ್ಕೆ ಸೇರುವ ಹಿಂದಿನ ದಿನ ಹುಡುಕಲು ಹೊರಡಬೇಡಿ. ಹದಿನೈದು ದಿನ ಮೊದಲೇ ಹೋಗಿ. ಮೊದಲ ಎರಡು ದಿನ ನೀವೂ ಅಲ್ಲೇ ಕುಳಿತಿರಿ, ನಂತರ ಒಂದು ಗಂಟೆ ಬಿಟ್ಟು ಬನ್ನಿ, ಆಮೇಲೆ ಅರ್ಧ ದಿನ. ಆಗ ಅಲ್ಲಿರುವ ಉಳಿದ ಮಕ್ಕಳನ್ನು ಗಮನಿಸಿ. ಖಾಲಾ ಒಳಗಿನಿಂದ ಬಂದಾಗ ಅವರು ಓಡಿ ಬಂದು ಸೆರಗು ಹಿಡಿಯುತ್ತಾರೋ, ಆಟ ನಿಲ್ಲಿಸಿ ಸುಮ್ಮನಾಗುತ್ತಾರೋ? ಯಾವ ಪ್ರಶ್ನೆಗೂ ಸಿಗದ ಉತ್ತರ ಅಲ್ಲಿ ಸಿಗುತ್ತದೆ.

"ಯಾವಾಗ ಬೇಕಾದರೂ ಬರಬಹುದಾ?" ಎಂದು ಕೇಳಲು ಮರೆಯಬೇಡಿ. "ಫೋನ್ ಮಾಡಿ ಬಾ" ಎಂದು ಯಾರಾದರೂ ಬಲವಂತ ಮಾಡಿದರೆ, ಆ ಮನೆ ನನಗಂತೂ ಬೇಡ. ಮಗುವನ್ನು ಬಿಟ್ಟ ಮೇಲೆ ಮೊದಲ ಕೆಲವು ವಾರ ಅಳುವುದು ಸಹಜ. ಆದರೆ ತಿಂಗಳುಗಳ ನಂತರ ಇದ್ದಕ್ಕಿದ್ದಂತೆ ಆ ಮನೆಯ ತಿರುವು ಬಂದೊಡನೆ ಕುತ್ತಿಗೆ ಬಿಗಿಯಾಗಿ ಹಿಡಿದುಕೊಂಡರೆ, ಒಬ್ಬ ವ್ಯಕ್ತಿಯನ್ನು ಕಂಡು ಮಾತ್ರ ಬೆಚ್ಚಿದರೆ, ಗದರಿಸಬೇಡಿ. ಅಂದು ಕೆಲಸಕ್ಕೆ ರಜೆ ಹಾಕಿ.

ನಮ್ಮ ಬೀದಿಯ ಆ ಟೀಚರ್ ಹುಡುಗಿ, ಬೆಳಿಗ್ಗೆ ಏಳೂವರೆಗೆ ಓಡುವವಳು, ಕಳೆದ ತಿಂಗಳು ನನ್ನ ಬಳಿ ಬಂದಿದ್ದಳು. "ಆಪಾ, ಖಾಲಾ ಬೇಜಾರು ಮಾಡ್ಕೊಂಡ್ರೆ?" ಎಂದು ಒಂದೇ ಹಟ. ನಾನೂ ಜೊತೆಗೆ ಹೋದೆ. ಖಾಲಾ ಚಹಾ ಕೊಟ್ಟರು. ಹುಡುಗಿ ನೆಲ ನೋಡುತ್ತಾ ಒಂದೊಂದೇ ಕೇಳಿದಳು. ಖಾಲಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನಗೂ ಎದೆ ಡವಡವ. ಆಮೇಲೆ ಎದ್ದು ನಮ್ಮಿಬ್ಬರನ್ನೂ ಹಿತ್ತಲಿಗೆ ಕರೆದುಕೊಂಡು ಹೋಗಿ ಸಂಪಿನ ಮೇಲಿನ ತಗಡನ್ನು ಕಾಲಲ್ಲಿ ಸರಿಸಿ ತೋರಿಸಿದರು. "ಇದು ಬಕ್ರೀದ್‌ಗೆ ಮುಂಚೆ ಒಡೆದದ್ದು. ಮಗನಿಗೆ ಹೇಳಿ ಹೇಳಿ ಸಾಕಾಯ್ತು. ನೀವಾದ್ರೂ ಹೇಳಿ ಅವನಿಗೆ."

ಆ ಶುಕ್ರವಾರ ಜುಮಾ ಮುಗಿಸಿ ಬಂದ ಮಗನಿಗೆ ಹುಡುಗಿಯ ಯಜಮಾನರು ಹೇಳಿದರು. ಇಬ್ಬರೂ ಸೇರಿ ಹೊಸ ಕಬ್ಬಿಣದ ಮುಚ್ಚಳ ತಂದು ಕೂರಿಸಿ ಬೀಗ ಹಾಕಿದ್ದಾರೆ. ಬೀಗದ ಕೈ ಖಾಲಾಳ ಸೊಂಟದಲ್ಲಿದೆ.